ಬಿಸಿನೀರು ಮೊದಲು ಗಡ್ಡೆಯಾಗುತ್ತದೆಯೇ?

ಪ್ರಶ್ನೆ: ಬಿಸಿನೀರು ತಣ್ಣೀರಿಗಿಂತ ಬೇಗ ಮಂಜುಗಡ್ಡೆಯಾಗುತ್ತದೆ ಎಂದು ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗಳು ಎಲ್ಲೋ ಓದಿದಳು. ಎರಡು ಲೋಟಗಳನ್ನು ಫ್ರೀಜರಿನಲ್ಲಿಟ್ಟು ಪರೀಕ್ಷಿಸಿದಳು. ಮೊದಲ ದಿನ ತಣ್ಣೀರು ಗೆದ್ದಿತು, ಮರುದಿನ ಬಿಸಿನೀರು. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇದನ್ನೇ ಇಡಬೇಕೆಂಬ ಆಸೆ ಅವಳಿಗೆ. ಯಾವ ಫಲಿತಾಂಶವನ್ನು ನಂಬಬೇಕು?

ಉತ್ತರ: ಎರಡನ್ನೂ ನಂಬಲಿ. ಒಂದನ್ನು ತಪ್ಪೆಂದು ಹೊಡೆದುಹಾಕಿ ಇನ್ನೊಂದನ್ನು ಮಾತ್ರ ಫಲಕದ ಮೇಲೆ ಬರೆಯುವುದಾದರೆ ಪ್ರದರ್ಶನಕ್ಕೆ ಹೋಗದಿರುವುದೇ ಮೇಲು. ಅವಳ ಫ್ರೀಜರಿನಲ್ಲಿ ಎರಡೂ ನಡೆದಿವೆ, ಎರಡಕ್ಕೂ ಕಾರಣವಿದೆ.

ನಿಯಮವಾಗಿ ಹೇಳುವುದಾದರೆ, ಬೇರೆಲ್ಲವೂ ಸಮನಾಗಿದ್ದಾಗ ತಣ್ಣೀರೇ ಮೊದಲು ಗಡ್ಡೆಯಾಗುತ್ತದೆ. ಇದಕ್ಕೆ ದೊಡ್ಡ ವಾದವೇನೂ ಬೇಕಿಲ್ಲ. 80 ಡಿಗ್ರಿಯ ನೀರು ಸೊನ್ನೆಗೆ ಇಳಿಯುವ ದಾರಿಯಲ್ಲಿ 20 ಡಿಗ್ರಿಯನ್ನು ಹಾದೇ ಬರಬೇಕು. ಅಲ್ಲಿಗೆ ಬಂದ ಕ್ಷಣದಿಂದ ಅದಕ್ಕೂ, 20 ಡಿಗ್ರಿಯಿಂದಲೇ ಹೊರಟ ನೀರಿಗೂ ವ್ಯತ್ಯಾಸವಿಲ್ಲದಿದ್ದರೆ ಮುಂದಿನ ದಾರಿ ಇಬ್ಬರಿಗೂ ಒಂದೇ. ಬಿಸಿನೀರು ಅಲ್ಲಿಗೆ ಬರಲು ಹಿಡಿದ ಸಮಯವಷ್ಟೂ ಹಿಂದೆ ಬಿದ್ದಂತೆಯೇ.

ಈ ವಾದದಲ್ಲಿ ಒಂದು 'ಇಲ್ಲದಿದ್ದರೆ' ಅಡಗಿದೆ ಎಂಬುದನ್ನು ಗಮನಿಸಿ. 20 ಡಿಗ್ರಿಗೆ ಇಳಿದುಬಂದ ನೀರು ನಿಜಕ್ಕೂ ಆ ಇನ್ನೊಂದು ಲೋಟದ ನೀರಿನಂತೆಯೇ ಇರುತ್ತದೆಯೇ? ಉಷ್ಣತೆ ಒಂದೇ ಆಗಿರಬಹುದು. ಆದರೆ ಒಂದಿಷ್ಟು ನೀರು ಆವಿಯಾಗಿ ಹೋಗಿರುತ್ತದೆ, ಕರಗಿದ್ದ ಗಾಳಿ ಹೊರಬಿದ್ದಿರುತ್ತದೆ, ಒಳಗಿನ ಹರಿದಾಟ ಇನ್ನೂ ನಿಂತಿರುವುದಿಲ್ಲ, ಲೋಟದ ಕೆಳಗಿನ ಹಿಮ ಕರಗಿರುತ್ತದೆ. ಇಷ್ಟು ಚಿಲ್ಲರೆ ಸಂಗತಿಗಳಿಂದ 60 ಡಿಗ್ರಿಯ ಹಿನ್ನಡೆ ತುಂಬಿಹೋದೀತೇ ಎಂದು ಕೇಳಿದರೆ, ಆ ಹಿನ್ನಡೆ ಕಣ್ಣಿಗೆ ಕಾಣುವಷ್ಟು ದೊಡ್ಡದಲ್ಲ ಎನ್ನುವುದೇ ನನ್ನ ಉತ್ತರ. ಈ ವಿಷಯದ ಬಗ್ಗೆ ಬರೆಯುವವರು ಹೆಚ್ಚಾಗಿ ಲೆಕ್ಕ ಹಾಕುವುದನ್ನು ಬಿಟ್ಟು ಕೌತುಕದ ಕಡೆ ಓಡುತ್ತಾರೆ. ನಾವು ಲೆಕ್ಕವನ್ನೇ ಮೊದಲು ಮಾಡೋಣ.

ಒಂದು ಗ್ರಾಂ ನೀರು ಒಂದು ಡಿಗ್ರಿ ತಣಿಯಬೇಕಾದರೆ ಅದರಿಂದ ಸುಮಾರು 4.18 ಜೂಲ್ ಶಾಖ ಹೊರಹೋಗಬೇಕು. ಸೊನ್ನೆಗೆ ಬಂದ ಮೇಲೆ ಅದೇ ಒಂದು ಗ್ರಾಂ ಗಡ್ಡೆಯಾಗಲು 334 ಜೂಲ್ ಬಿಟ್ಟುಕೊಡಬೇಕು, ಅದೂ ಉಷ್ಣತೆ ಒಂದಿಷ್ಟೂ ಇಳಿಯದೆ. ನಿಮ್ಮ ಮಗಳ ಪಠ್ಯಪುಸ್ತಕದಲ್ಲಿರುವ ಗುಪ್ತೋಷ್ಣ ಇದೇ. 334ನ್ನು 4.18ರಿಂದ ಭಾಗಿಸಿದರೆ 80 ಬರುತ್ತದೆ. ಅಂದರೆ ಸೊನ್ನೆ ಡಿಗ್ರಿಯ ನೀರನ್ನು ಗಡ್ಡೆ ಮಾಡಲು ತೆಗೆಯಬೇಕಾದ ಶಾಖವೂ, ಅದೇ ನೀರನ್ನು 80 ಡಿಗ್ರಿಯಿಂದ ಸೊನ್ನೆಗೆ ಇಳಿಸಲು ತೆಗೆಯಬೇಕಾದ ಶಾಖವೂ ಹೆಚ್ಚುಕಡಿಮೆ ಸಮ.

ಇನ್ನೊಂದು ಅಂಶವೂ ಇದೆ. ವಸ್ತುವಿಗೂ ಸುತ್ತಲಿಗೂ ಉಷ್ಣತೆಯ ಅಂತರ ಹೆಚ್ಚಿದ್ದಷ್ಟೂ ತಣಿಯುವ ವೇಗ ಹೆಚ್ಚು. ಫ್ರೀಜರು ಮೈನಸ್ 18ರಲ್ಲಿದ್ದರೆ 80 ಡಿಗ್ರಿಯ ನೀರಿಗೆ ಅಂತರ 98, 20 ಡಿಗ್ರಿಯ ನೀರಿಗೆ 38. ಬಿಸಿನೀರು ಆರಂಭದಲ್ಲಿ ಎರಡೂವರೆ ಪಟ್ಟಿಗಿಂತ ಹೆಚ್ಚು ವೇಗವಾಗಿ ಇಳಿಯುತ್ತದೆ. ಸೊನ್ನೆಗೆ ಬಂದು ನಿಂತಾಗ ಇಬ್ಬರಿಗೂ ಅಂತರ ಬರೀ 18, ಆಗ ಶಾಖ ಹೋಗುವುದು ತೀರ ನಿಧಾನ. ತೆಗೆಯಬೇಕಾದ ಶಾಖದಲ್ಲಿ ಬಿಸಿನೀರಿಗೆ ಅರ್ಧದಷ್ಟು, ತಣ್ಣೀರಿಗೆ ಐದರಲ್ಲಿ ನಾಲ್ಕು ಪಾಲು ಉಳಿದಿರುವುದೂ ಆಗಲೇ.

ಇದನ್ನೆಲ್ಲ ನ್ಯೂಟನ್ನನ ತಣಿಯುವ ನಿಯಮದ ಪ್ರಕಾರ ಒರಟಾಗಿ ಕೂಡಿ ನೋಡಿ. ತಣ್ಣೀರು ಪೂರ್ತಿ ಗಡ್ಡೆಯಾಗಲು 100 ನಿಮಿಷ ಬೇಕೆಂದುಕೊಂಡರೆ, ಅದರಲ್ಲಿ ಸೊನ್ನೆಗೆ ಇಳಿಯಲು ಹೋಗುವುದು 14 ನಿಮಿಷ ಮಾತ್ರ, ಉಳಿದ 86 ನಿಮಿಷವೂ ಗಡ್ಡೆಕಟ್ಟುವುದಕ್ಕೆ. ಬಿಸಿನೀರಿಗೆ ಇಳಿಯಲು 32 ಅಥವಾ 33 ನಿಮಿಷ, ಆಮೇಲೆ ಅದೇ 86. ಒಟ್ಟು ಸುಮಾರು 118 ನಿಮಿಷ. ಉಷ್ಣತೆ ನಾಲ್ಕು ಪಟ್ಟಿದ್ದರೂ ತಗಲುವ ಸಮಯ ನೂರಕ್ಕೆ 18ರಷ್ಟು ಮಾತ್ರ ಹೆಚ್ಚು. ಲೋಟದ ಆಕಾರ, ಗಡ್ಡೆಯ ಪದರ, ಒಳಗಿನ ಹರಿವು ಯಾವುದನ್ನೂ ಇದರಲ್ಲಿ ಸೇರಿಸಿಲ್ಲ, ಆದ್ದರಿಂದ ಅಂಕಿಯನ್ನು ಕಲ್ಲಿನಲ್ಲಿ ಕೆತ್ತಿಡಬೇಡಿ. ಪೈಪೋಟಿ ಎಷ್ಟು ಬಿಗಿಯಾದದ್ದು ಎಂಬುದು ತಿಳಿದರೆ ಸಾಕು. ಎರಡು ಲೋಟ ಪಕ್ಕಪಕ್ಕದಲ್ಲಿದ್ದಾಗ ನೂರಕ್ಕೆ 18ರ ವ್ಯತ್ಯಾಸವನ್ನು ತಲೆಕೆಳಗು ಮಾಡಲು ತೀರ ಸಣ್ಣ ಸಂಗತಿಗಳೇ ಸಾಕಾಗುತ್ತವೆ.

ಆವಿಯನ್ನೇ ತೆಗೆದುಕೊಳ್ಳಿ. ಬಾಯಿ ತೆರೆದ ಲೋಟದಿಂದ ಆವಿಯಾಗುವ ಪ್ರತಿ ಗ್ರಾಂ ನೀರೂ ಸುಮಾರು 2,400 ಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ. 80 ಡಿಗ್ರಿಯ ನೀರು ಬರೀ ಆವಿಯಾಗುವುದರಿಂದಲೇ ಸೊನ್ನೆಗೆ ತಣಿಯಿತೆಂದುಕೊಂಡರೆ ನೂರಕ್ಕೆ 13ರಷ್ಟು ನೀರು ಕಡಿಮೆಯಾಗಿರುತ್ತದೆ. ಕುದಿಯುವ ನೀರಿನಿಂದ ಶುರುಮಾಡಿ ಗಡ್ಡೆಯಾಗುವವರೆಗೂ ಆವಿಯೊಂದರಿಂದಲೇ ಕೆಲಸ ನಡೆಯಿತೆಂದರೆ ಕಾಲುಭಾಗಕ್ಕೂ ಸ್ವಲ್ಪ ಹೆಚ್ಚು ಹೋಗುತ್ತದೆ. ಕೆನಡಾದ ಜಿ. ಎಸ್. ಕೆಲ್ 1969ರಲ್ಲಿ ಬಿಸಿನೀರಿನ ಗೆಲುವನ್ನು ವಿವರಿಸಿದ್ದು ಈ ದಾರಿಯಲ್ಲಿಯೇ. ನಿಜವಾದ ಲೋಟದಲ್ಲಿ ಬದಿಗಳಿಂದಲೂ ತಳದಿಂದಲೂ ಶಾಖ ಹೋಗುವುದರಿಂದ ನಷ್ಟ ಇದಕ್ಕಿಂತ ಕಡಿಮೆ. ಆದರೂ ನೂರಕ್ಕೆ ಹತ್ತರಷ್ಟು ನೀರು ಹೋದರೆ ನಮ್ಮ ಲೆಕ್ಕದ 118 ನಿಮಿಷ 100ರ ಹತ್ತಿರಕ್ಕೆ ಬಂದುಬಿಡುತ್ತದೆ, ಏಕೆಂದರೆ ಗಡ್ಡೆಯಾಗಬೇಕಾದ ನೀರೇ ಕಡಿಮೆ. ಇದು ಗೆಲುವು ಎನ್ನುವುದಾದರೆ ಸರಿ. ನನಗೇನೋ ಇದು ಅರ್ಧ ಗೆಲುವಿನಂತೆ ಕಾಣುತ್ತದೆ, ಕೊನೆಯಲ್ಲಿ ಕೈಗೆ ಸಿಗುವ ಗಡ್ಡೆಯೂ ಚಿಕ್ಕದೇ ತಾನೇ?

ಫ್ರೀಜರಿನ ತಳದಲ್ಲಿ ಕೂತಿರುವ ಹಿಮದ ಪುಡಿಯೂ ಇಂಥದ್ದೇ ಆಟ ಆಡುತ್ತದೆ. ಅದರಲ್ಲಿ ಗಾಳಿ ತುಂಬಿರುವುದರಿಂದ ಶಾಖ ಸುಲಭವಾಗಿ ಹಾದುಹೋಗುವುದಿಲ್ಲ. ತಣ್ಣೀರಿನ ಲೋಟ ಅದರ ಮೇಲೆಯೇ ಕೂರುತ್ತದೆ. ಬಿಸಿ ಲೋಟವಾದರೋ ಹಿಮವನ್ನು ಕರಗಿಸಿಕೊಂಡು ನೇರವಾಗಿ ತಣ್ಣಗಿನ ತಳಕ್ಕೆ ತಾಗುತ್ತದೆ. ಆಮೇಲೆ ಅದರ ಶಾಖ ಹೋಗುವ ದಾರಿಯೇ ಬೇರೆ. ಹಿಮ ಕಟ್ಟದ ಫ್ರೀಜರಾದರೆ ಈ ತೊಂದರೆಯಿಲ್ಲ, ಆದರೆ ಅಲ್ಲಿ ಗಾಳಿ ಬೀಸುವ ಕಿಂಡಿಗೆ ಯಾವ ಲೋಟ ಹತ್ತಿರವಿದೆ ಎಂಬುದೇ ಫಲಿತಾಂಶವನ್ನು ನಿರ್ಧರಿಸಬಹುದು.

ಮಗಳು 'ಗೆದ್ದಿತು' ಎಂದು ಬರೆದುಕೊಂಡದ್ದು ಯಾವ ಕ್ಷಣವನ್ನು ನೋಡಿ ಎಂದು ಕೇಳಿ. ಥರ್ಮಾಮೀಟರು ಸೊನ್ನೆ ತೋರಿಸಿದಾಗಲೇ, ಮೊದಲ ಗಡ್ಡೆಯ ಚೂರು ಕಂಡಾಗಲೇ, ಲೋಟ ತಲೆಕೆಳಗು ಮಾಡಿದರೂ ಒಂದು ಹನಿ ಬೀಳದಿದ್ದಾಗಲೇ? ಇವು ಒಂದೇ ಓಟದ ಮೂರು ಬೇರೆ ಬೇರೆ ಗೆರೆಗಳು. ಒಂದನ್ನು ಮೊದಲು ಮುಟ್ಟಿದ ಲೋಟ ಇನ್ನೊಂದನ್ನೂ ಮೊದಲು ಮುಟ್ಟಬೇಕೆಂದಿಲ್ಲ. ಈ ವಿಷಯದಲ್ಲಿ ತಲೆಮಾರುಗಳಿಂದ ನಡೆದ ಜಗಳಗಳಲ್ಲಿ ಅರ್ಧಕ್ಕರ್ಧ ಒಬ್ಬರು ಒಂದು ಗೆರೆಯನ್ನೂ ಇನ್ನೊಬ್ಬರು ಮತ್ತೊಂದನ್ನೂ ನೋಡುತ್ತಿದ್ದುದರಿಂದ ಹುಟ್ಟಿದವು ಎನ್ನುವುದು ನನ್ನ ಅಭಿಪ್ರಾಯ.

ಮೂರರಲ್ಲಿ ನಡುವಿನದು ಮಹಾ ಚಂಚಲ. ನೀರು ಸೊನ್ನೆ ಡಿಗ್ರಿಯಲ್ಲಿ ಗಡ್ಡೆಯಾಗುತ್ತದೆ ಎಂದು ಎಲ್ಲರೂ ಕಲಿತಿರುತ್ತೇವೆ, ಆದರೆ ಅದು ಸೊನ್ನೆಗೆ ಬಂದ ಕೂಡಲೇ ಗಡ್ಡೆಕಟ್ಟಲು ತೊಡಗುವುದು ಅಪರೂಪ. ಥರ್ಮಾಮೀಟರನ್ನು ಲೋಟದ ನಡುವೆ ಇಳಿಬಿಟ್ಟು ಅಂಕಿಯನ್ನೇ ನೋಡುತ್ತ ಕೂತರೆ ಇದು ಕಣ್ಣೆದುರೇ ನಡೆಯುತ್ತದೆ. ಅಂಕಿ ಮೊದಮೊದಲು ಬೇಗ ಬೇಗ ಇಳಿಯುತ್ತದೆ. 4 ಡಿಗ್ರಿಯ ಆಸುಪಾಸಿನಲ್ಲಿ ತಡವರಿಸುತ್ತದೆ. ನೀರಿನ ಸಾಂದ್ರತೆ ಅತಿ ಹೆಚ್ಚಿರುವುದು ಅಲ್ಲಿ, ಅದಕ್ಕಿಂತ ತಣ್ಣಗಾದ ನೀರು ಮುಳುಗುವ ಬದಲು ಮೇಲೇಳುವುದರಿಂದ ಒಳಗಿನ ಹರಿವೇ ದಿಕ್ಕು ಬದಲಿಸುತ್ತದೆ. ಆಮೇಲೆ ಸೊನ್ನೆ. ಅಲ್ಲಿ ನಿಲ್ಲುವುದಿಲ್ಲ. ಮೈನಸ್ 2, ಮೈನಸ್ 4, ಮೈನಸ್ 6, ನೀರು ಇನ್ನೂ ತಿಳಿಯಾಗಿಯೇ ಇರುತ್ತದೆ. ಇದ್ದಕ್ಕಿದ್ದಂತೆ ಎಲ್ಲಿಂದಲೋ ಒಂದು ಸೂಜಿಯಂಥ ಹರಳು ಹೊರಟು ಲೋಟದ ತುಂಬ ಗರಿಗಳಂತೆ ಹರಡುತ್ತದೆ, ಅಂಕಿ ಮೈನಸ್ 6ರಿಂದ ಕ್ಷಣಾರ್ಧದಲ್ಲಿ ಸೊನ್ನೆಗೆ ಹಾರುತ್ತದೆ. ಫ್ರೀಜರಿನೊಳಗೆ ನೀರು ಬಿಸಿಯಾಗುವುದನ್ನು ಮೊದಲ ಬಾರಿ ನೋಡಿದವರು ಉಪಕರಣ ಕೆಟ್ಟಿದೆ ಎಂದೇ ಅಂದುಕೊಳ್ಳುತ್ತಾರೆ. ಕೆಟ್ಟಿಲ್ಲ. ಗಡ್ಡೆಯಾದ ಭಾಗ ಬಿಟ್ಟುಕೊಟ್ಟ ಗುಪ್ತೋಷ್ಣವೇ ಉಳಿದ ನೀರನ್ನು ಮೇಲಕ್ಕೆತ್ತಿರುತ್ತದೆ. ಆ ಕ್ಷಣದಲ್ಲಿ ಗಡ್ಡೆಯಾಗುವುದು ನೂರಕ್ಕೆ ಏಳೆಂಟರಷ್ಟು ನೀರು ಮಾತ್ರ, ಮಿಕ್ಕದ್ದಕ್ಕೆ ಮತ್ತೆ ದೀರ್ಘ ಕಾಯುವಿಕೆ.

ಇದಕ್ಕೆ ಅತಿಶೀತಲೀಕರಣ ಎಂದು ಹೆಸರು. ಹರಳು ಹುಟ್ಟಬೇಕಾದರೆ ಅದಕ್ಕೊಂದು ನೆಲೆ ಬೇಕು. ಒಂದು ಧೂಳಿನ ಕಣವೋ, ಗಾಜಿನ ಮೇಲಿನ ಗೀರೋ ಆದೀತು. ಅಂಥ ನೆಲೆಯೇ ಇಲ್ಲದ ಅತಿ ಶುದ್ಧ ಸೂಕ್ಷ್ಮ ಹನಿಗಳು ಮೈನಸ್ 38 ಡಿಗ್ರಿಯ ಹತ್ತಿರದವರೆಗೂ ದ್ರವವಾಗಿಯೇ ಉಳಿಯಬಲ್ಲವು. ಲೋಟದ ನೀರಿನಲ್ಲಿ ಕಸ ಇದ್ದೇ ಇರುವುದರಿಂದ ಅಷ್ಟು ಕೆಳಕ್ಕೆ ಹೋಗುವುದಿಲ್ಲ, ಆದರೆ ಎಲ್ಲಿಯವರೆಗೆ ಹೋಗುತ್ತದೆ ಎಂಬುದು ಲೋಟದಿಂದ ಲೋಟಕ್ಕೆ ಬೇರೆ. ಒಂದೇ ನಲ್ಲಿಯ ನೀರನ್ನು ಒಂದೇ ಬಗೆಯ ಎರಡು ಲೋಟಗಳಿಗೆ ಹಾಕಿದರೂ ಒಂದು ಮೈನಸ್ 3ಕ್ಕೇ ಗಡ್ಡೆಕಟ್ಟಲು ತೊಡಗಬಹುದು, ಇನ್ನೊಂದು ಮೈನಸ್ 9ರವರೆಗೂ ಎಳೆಯಬಹುದು. ಕಾಯಿಸಿದಾಗ ಕರಗಿದ್ದ ಗಾಳಿ ಹೋಗುತ್ತದೆ, ಗಡಸು ನೀರಾದರೆ ಸುಣ್ಣದಂಶ ಪುಡಿಯಾಗಿ ಬೇರ್ಪಡುತ್ತದೆ. ಇದರಿಂದ ಹರಳಿನ ನೆಲೆಗಳು ಹೆಚ್ಚಲೂಬಹುದು, ಕಡಿಮೆಯಾಗಲೂಬಹುದು.

ಈಗ ಮೇಲಿನ ಲೆಕ್ಕಕ್ಕೇ ಇದನ್ನು ಸೇರಿಸಿ. 80 ಡಿಗ್ರಿಯ ನೀರು 33 ನಿಮಿಷಕ್ಕೆ ಸೊನ್ನೆಗೆ ಬಂದು ಆ ಕ್ಷಣವೇ ಹರಳು ಕಟ್ಟಿತೆಂದುಕೊಳ್ಳಿ. ತಣ್ಣೀರು ಇದಕ್ಕೆ ಸೋಲಬೇಕಾದರೆ ಮೈನಸ್ 11ರವರೆಗಾದರೂ ಹರಳಿಲ್ಲದೆ ಇಳಿದಿರಬೇಕು. ಬಿಸಿನೀರು 50 ಡಿಗ್ರಿಯದಾಗಿದ್ದರೆ ಮೈನಸ್ 8 ಸಾಕು. ದಿನವೂ ನಡೆಯುವಂಥದ್ದಲ್ಲ, ನಡೆಯಲಾರದ್ದೂ ಅಲ್ಲ. ಈ ವಿಷಯದ ಮೇಲೆ ತಾಳ್ಮೆಯಿಂದ ಕೂತು ಪ್ರಯೋಗ ಮಾಡಿದ ಅಮೆರಿಕದ ಜೇಮ್ಸ್ ಬ್ರೌನ್‌ರಿಜ್ 2011ರಲ್ಲಿ ಬರೆದದ್ದೂ ಇದನ್ನೇ: ತಣ್ಣೀರು ಅತಿಶೀತಲಗೊಂಡು, ಅದು ಹರಳುಗಟ್ಟುವ ಉಷ್ಣತೆ ಬಿಸಿನೀರಿನದಕ್ಕಿಂತ ಹಲವು ಡಿಗ್ರಿ ಕೆಳಗಿದ್ದರೆ ಮಾತ್ರ ಬಿಸಿನೀರು ಮೊದಲು ಗಡ್ಡೆಯಾಗುತ್ತದೆ. ನಿಮ್ಮ ಮಗಳು ನೋಡಿದ್ದು ಮೊದಲ ಗಡ್ಡೆಯ ಚೂರನ್ನಾದರೆ ಅವಳ ಎರಡನೆಯ ದಿನದ ಗುಟ್ಟು ಇಲ್ಲಿಯೇ ಇದ್ದೀತು.

ಈ ವಿದ್ಯಮಾನಕ್ಕೆ 'ಎಂಪೆಂಬಾ ಪರಿಣಾಮ' ಎಂಬ ಹೆಸರು ಬಂದದ್ದೂ ಶಾಲೆಯ ಹುಡುಗನೊಬ್ಬನಿಂದಲೇ ಎಂಬುದನ್ನು ಅವಳಿಗೆ ಹೇಳಿ. ಇಂದಿನ ಟಾಂಜಾನಿಯಾದ ಎರಾಸ್ಟೊ ಎಂಪೆಂಬಾ 1963ರಲ್ಲಿ ಶಾಲೆಯಲ್ಲಿ ಐಸ್‌ಕ್ರೀಮ್ ಮಾಡುತ್ತಿದ್ದ. ಹಾಲು ಕಾಯಿಸಿ, ಸಕ್ಕರೆ ಬೆರೆಸಿ, ಆರಿದ ಮೇಲೆ ಫ್ರೀಜರಿಗೆ ಇಡುವುದು ಕ್ರಮ. ಫ್ರೀಜರಿನಲ್ಲಿ ಜಾಗ ಕಡಿಮೆ. ಇನ್ನೊಬ್ಬ ಹುಡುಗ ಹಾಲನ್ನು ಕಾಯಿಸದೆಯೇ ಸಕ್ಕರೆ ಕಲಸಿ ಇಡಲು ಹೊರಟದ್ದನ್ನು ಕಂಡು, ಜಾಗ ತಪ್ಪೀತೆಂಬ ಆತುರದಲ್ಲಿ ಎಂಪೆಂಬಾ ಕುದಿಸಿದ ಹಾಲನ್ನು ಬಿಸಿಬಿಸಿಯಾಗಿಯೇ ಇಟ್ಟ. ಒಂದೂವರೆ ಗಂಟೆಯ ಮೇಲೆ ನೋಡಿದರೆ ಇವನದು ಗಟ್ಟಿಯಾಗಿತ್ತು, ಅವನದು ಇನ್ನೂ ಮಂದವಾದ ದ್ರವ. ಮೇಷ್ಟರನ್ನು ಕೇಳಿದಾಗ, ನಿನಗೇನೋ ಗೊಂದಲವಾಗಿದೆ ಎಂಬ ಉತ್ತರ ಬಂತು. ಮುಂದೆ ಇರಿಂಗಾದ ಪ್ರೌಢಶಾಲೆಗೆ ಹೋದಾಗಲೂ ಹುಡುಗ ಪ್ರಶ್ನೆಯನ್ನು ಬಿಡಲಿಲ್ಲ. ಅಲ್ಲಿನ ಮೇಷ್ಟರು, ಇದು ಎಂಪೆಂಬಾನ ಭೌತಶಾಸ್ತ್ರ, ಲೋಕದ ಭೌತಶಾಸ್ತ್ರವಲ್ಲ ಎಂದುಬಿಟ್ಟರು. ಆಮೇಲೆ ಅವನು ಯಾವ ಲೆಕ್ಕದಲ್ಲಿ ತಪ್ಪಿದರೂ ತರಗತಿಯಲ್ಲಿ ಅದೇ ಮಾತಿನ ಗೇಲಿ.

ದಾರ್ ಎಸ್ ಸಲಾಮ್‌ನ ವಿಶ್ವವಿದ್ಯಾಲಯ ಕಾಲೇಜಿನಿಂದ ಡೆನಿಸ್ ಆಸ್ಬೋರ್ನ್ ಎಂಬ ಪ್ರಾಧ್ಯಾಪಕರು ಶಾಲೆಗೆ ಉಪನ್ಯಾಸಕ್ಕೆ ಬಂದಾಗ ಎಂಪೆಂಬಾ ಎದ್ದುನಿಂತು ಕೇಳಿದ: ಸಮಪ್ರಮಾಣದ ನೀರನ್ನು ಒಂದು ಬೀಕರಿನಲ್ಲಿ 35 ಡಿಗ್ರಿಯಲ್ಲೂ ಇನ್ನೊಂದರಲ್ಲಿ 100 ಡಿಗ್ರಿಯಲ್ಲೂ ಫ್ರಿಜ್ಜಿನಲ್ಲಿಟ್ಟರೆ 100 ಡಿಗ್ರಿಯದೇ ಮೊದಲು ಗಡ್ಡೆಯಾಗುತ್ತದೆ, ಏಕೆ? ಸಹಪಾಠಿಗಳು ನಕ್ಕರು. ಆಸ್ಬೋರ್ನ್ ನಗಲಿಲ್ಲ. ಹುಡುಗನ ಮಾತು ತಪ್ಪಿರಬೇಕೆಂದೇ ಅಂದುಕೊಂಡಿದ್ದರೂ, ಕಾಲೇಜಿಗೆ ಮರಳಿ ತಮ್ಮ ಸಹಾಯಕನಿಗೆ ಮಾಡಿ ನೋಡಲು ಹೇಳಿದರು. ಬಿಸಿಯಾಗಿದ್ದ ನೀರೇ ಮೊದಲು ಗಡ್ಡೆಯಾಯಿತು ಎಂದು ವರದಿ ಒಪ್ಪಿಸಿದ ಸಹಾಯಕ, ಸರಿಯಾದ ಫಲಿತಾಂಶ ಬರುವವರೆಗೂ ಪ್ರಯೋಗವನ್ನು ಮತ್ತೆ ಮತ್ತೆ ಮಾಡುತ್ತೇವೆ ಎಂದು ಸೇರಿಸಿದನಂತೆ! ಇದನ್ನು ಆಸ್ಬೋರ್ನ್ ತಾವೇ ಬರೆದಿಟ್ಟಿದ್ದಾರೆ. ಇಬ್ಬರ ಹೆಸರಿನಲ್ಲೂ ಲೇಖನ 1969ರಲ್ಲಿ 'ಫಿಸಿಕ್ಸ್ ಎಜುಕೇಶನ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಎಂಪೆಂಬಾ ವನ್ಯಜೀವಿ ನಿರ್ವಹಣೆಯ ಕಾಲೇಜು ಸೇರಿದ್ದ.

ಹುಡುಗನ ಛಲಕ್ಕೆ ತಲೆಬಾಗಿ, ಅವನ ಮೊದಲ ಪ್ರಯೋಗವನ್ನು ಮಾತ್ರ ಕಣ್ಣು ಬಿಟ್ಟು ನೋಡೋಣ. ಒಂದು ಕುದಿಸಿದ ಹಾಲು, ಇನ್ನೊಂದು ಹಸಿಹಾಲು. ಕುದಿಸಿದಾಗ ನೀರಿನಂಶ ಹೋಗುತ್ತದೆ, ಹಾಲಿನ ಗುಣವೇ ಬದಲಾಗುತ್ತದೆ. ಬಿಸಿ ಮತ್ತು ತಂಪು ಎಂಬುದೊಂದೇ ಅಲ್ಲಿದ್ದ ವ್ಯತ್ಯಾಸವಲ್ಲ. ಮುಂದೆ ಬೀಕರಿನಲ್ಲಿ ನೀರಿಟ್ಟು ನೋಡಿದ್ದರಿಂದಲೇ ಪ್ರಶ್ನೆಗೆ ತೂಕ ಬಂದದ್ದು.

ಸಂಗತಿ ಹೊಸದೇನಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ಅರಿಸ್ಟಾಟಲ್ ಇದನ್ನು ಬರೆದಿದ್ದಾನೆ. ಕಪ್ಪು ಸಮುದ್ರದ ದಂಡೆಯ ಪಾಂಟಸ್ ಪ್ರದೇಶದವರು ಮಂಜುಗಡ್ಡೆಯ ಮೇಲೆ ಬಿಡಾರ ಹೂಡಿ ಮೀನು ಹಿಡಿಯುವಾಗ, ನೆಟ್ಟ ಜೊಂಡಿನ ಕೋಲು ಬೇಗ ಭದ್ರವಾಗಲೆಂದು ಅದರ ಸುತ್ತ ಬಿಸಿನೀರು ಸುರಿಯುತ್ತಿದ್ದರಂತೆ. 1620ರಲ್ಲಿ ಫ್ರಾನ್ಸಿಸ್ ಬೇಕನ್, 1637ರಲ್ಲಿ ಡೆಕಾರ್ಟ್ ಹೆಚ್ಚುಕಡಿಮೆ ಇದೇ ಮಾತು ಬರೆದರು. ಶಾಖದ ಶಾಸ್ತ್ರ ಬೆಳೆದಂತೆ, ಹೀಗಾಗಲು ಸಾಧ್ಯವೇ ಇಲ್ಲ ಎಂದು ಓದಿದವರೇ ಇದನ್ನು ಮರೆತರು.

2016ರಲ್ಲಿ ಹೆನ್ರಿ ಬರಿಜ್ ಮತ್ತು ಪಾಲ್ ಲಿಂಡೆನ್ ಎಂಬ ಸಂಶೋಧಕರು ಮೊದಲ ಗೆರೆಯನ್ನು, ಅಂದರೆ ಸೊನ್ನೆ ಡಿಗ್ರಿ ತಲಪುವ ಸಮಯವನ್ನು, ಅಳೆದು ನೋಡಿದರು. ಬಿಸಿನೀರು ಬೇಗ ತಣಿಯುತ್ತದೆ ಎಂಬುದಕ್ಕೆ ನೆಚ್ಚಬಹುದಾದ ಪುರಾವೆ ಸಿಗಲಿಲ್ಲ. ಅವರು ತೋರಿಸಿದ ಇನ್ನೊಂದು ಸಂಗತಿ ನಿಮ್ಮ ಮಗಳ ಕೆಲಸಕ್ಕೆ ನೇರವಾಗಿ ಬರುತ್ತದೆ. ಲೋಟದೊಳಗೆ ಥರ್ಮಾಮೀಟರಿನ ಎತ್ತರ ಒಂದು ಸೆಂಟಿಮೀಟರಿನಷ್ಟು ಆಚೀಚೆಯಾದರೂ ಇಲ್ಲದ ಗೆಲುವು ಇದ್ದಂತೆ ಕಾಣಬಲ್ಲದು, ಏಕೆಂದರೆ ತಣಿಯುತ್ತಿರುವ ನೀರಿನ ಮೇಲ್ಭಾಗಕ್ಕೂ ತಳಕ್ಕೂ ಉಷ್ಣತೆ ಒಂದೇ ಇರುವುದಿಲ್ಲ.

ಹಾಗೆಂದು ಇದು ಬರೀ ಅಳತೆಯ ದೋಷ ಎಂದು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಕೆನಡಾದ ಅವಿನಾಶ್ ಕುಮಾರ್ ಮತ್ತು ಜಾನ್ ಬೆಕ್‌ಹೋಫರ್ 2020ರಲ್ಲಿ ನೀರಿನಲ್ಲಿ ತೇಲುವ ಒಂದು ಸೂಕ್ಷ್ಮ ಗಾಜಿನ ಮಣಿಯನ್ನು ಲೇಸರಿನಿಂದ ಹಿಡಿದಿಟ್ಟು, ಹೆಚ್ಚು 'ಬಿಸಿ'ಯ ಸ್ಥಿತಿಯಿಂದ ಹೊರಟದ್ದು ಕಡಿಮೆ ಬಿಸಿಯದಕ್ಕಿಂತ ಬೇಗ ತಣ್ಣಗಿನ ಸಮಸ್ಥಿತಿಗೆ ಬರುವಂತೆ ಮತ್ತೆ ಮತ್ತೆ ಮಾಡಿ ತೋರಿಸಿದರು. ಅಲ್ಲಿ ಗಡ್ಡೆಯೂ ಇಲ್ಲ, ಆವಿಯೂ ಇಲ್ಲ. ಇದರಿಂದ ಫ್ರೀಜರಿನ ಲೋಟದ ವಿಷಯ ಸಾಬೀತಾಯಿತು ಎಂದು ಬರೆದುಬಿಡುವವರ ಮಾತನ್ನು ಮಾತ್ರ ಕಿವಿಗೆ ಹಾಕಿಕೊಳ್ಳಬೇಡಿ.

ಕಡುಚಳಿಯಲ್ಲಿ ಕುದಿಯುವ ನೀರನ್ನು ಗಾಳಿಗೆ ಎಸೆದು ಮಂಜಿನ ಮೋಡ ಮಾಡುವ ವಿಡಿಯೊಗಳನ್ನೂ ಇದರೊಂದಿಗೆ ಸೇರಿಸಬೇಡಿ. ಅಲ್ಲಿ ನೀರು ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ, ಒಂದು ಪಾಲು ಆವಿಯಾಗಿ ಹರಡುತ್ತದೆ. ಲೋಟದ ಲೆಕ್ಕ ಅದಕ್ಕೆ ಅನ್ವಯಿಸದು. ಮೈಮೇಲೆ ಬಿದ್ದು ಸುಟ್ಟುಕೊಂಡವರೂ ಇದ್ದಾರೆ.

ಇನ್ನು ಮಗಳ ಪ್ರದರ್ಶನಕ್ಕೆ ಬರುತ್ತೇನೆ. ನೀರನ್ನು ತೂಕ ಮಾಡಿಯೇ ಹಾಕಲಿ, ಗಡ್ಡೆಯಾದ ಮೇಲೆ ಮತ್ತೆ ತೂಗಲಿ. ಆವಿಯಾಗಿ ಹೋದದ್ದೆಷ್ಟು ಎಂಬುದು ಆಗಲೇ ತಿಳಿಯುತ್ತದೆ. ಎರಡು ಲೋಟಗಳೂ ಒಂದೇ ಬಗೆಯವಾಗಿರಲಿ, ಹಿಮದ ಮೇಲೆ ಇಡದೆ ಥರ್ಮಾಕೋಲಿನ ತುಂಡಿನ ಮೇಲೆ ಇಡಲಿ, ಒಂದರ ಬಿಸಿ ಇನ್ನೊಂದಕ್ಕೆ ತಾಗದಷ್ಟು ದೂರವಿರಲಿ. ಪ್ರತಿ ಸಲವೂ ಲೋಟಗಳ ಜಾಗ ಅದಲುಬದಲು ಮಾಡಲಿ. ತಣ್ಣೀರನ್ನೂ ಮೊದಲು ಕುದಿಸಿ ಮುಚ್ಚಿಟ್ಟು ಆರಿಸಿಕೊಂಡರೆ ಕರಗಿದ ಗಾಳಿಯ ವ್ಯತ್ಯಾಸ ಹೋಗುತ್ತದೆ. ಬಿಸಿನೀರಿನ ಲೋಟ ಗಾಜಿನದಾದರೆ ಬಿರಿಯಬಹುದು, ಸ್ಟೀಲಿನದು ಒಳ್ಳೆಯದು. ನೀರು ಸುರಿಯುವಾಗ ದೊಡ್ಡವರೊಬ್ಬರು ಪಕ್ಕದಲ್ಲಿರಿ. ಥರ್ಮಾಮೀಟರಿನ ತುದಿ ಎರಡರಲ್ಲೂ ಒಂದೇ ಎತ್ತರದಲ್ಲಿರಬೇಕು, ಮತ್ತು ಆ ಮೂರು ಗೆರೆಗಳಿಗೆ ಮೂರು ಬೇರೆ ಬೇರೆ ಅಂಕಣ ಬರೆದುಕೊಳ್ಳಬೇಕು. ಬಾಗಿಲನ್ನು ಪದೇ ಪದೇ ತೆರೆದು ನೋಡುವ ಚಪಲವನ್ನು ತಡೆದುಕೊಳ್ಳುವುದು ಎಲ್ಲಕ್ಕಿಂತ ಕಷ್ಟ. ತಂತಿಯ ಡಿಜಿಟಲ್ ಥರ್ಮಾಮೀಟರು ಸಿಕ್ಕರೆ ಅಂಕಿಯನ್ನು ಹೊರಗಿನಿಂದಲೇ ಓದಬಹುದು. ಒಂದು ಸುತ್ತನ್ನು ಮುಚ್ಚಳ ಹಾಕಿ, ಇನ್ನೊಂದನ್ನು ತೆರೆದಿಟ್ಟು ಮಾಡಿದರೆ ಆವಿಯ ಪಾತ್ರವೂ ಕಾಣುತ್ತದೆ.

ಮೊದಲ ಹರಳಿನ ಅಂಕಣದಲ್ಲಿ ಬಿಸಿನೀರು ಆಗಾಗ ಗೆದ್ದು, ಸೊನ್ನೆ ಡಿಗ್ರಿಯ ಅಂಕಣದಲ್ಲಿ ಒಮ್ಮೆಯೂ ಗೆಲ್ಲದಿದ್ದರೆ, ಹರಳು ಕಟ್ಟುವ ಮುನ್ನ ಪ್ರತಿ ಲೋಟವೂ ಎಷ್ಟು ಕೆಳಗೆ ಇಳಿದಿತ್ತು ಎಂಬ ಅಂಕಿಯನ್ನು ಪಕ್ಕದಲ್ಲಿಯೇ ಬರೆಯಲಿ. ತೀರ್ಪುಗಾರರು ಏನೇ ಕೇಳಿದರೂ ಅವಳು ಬೆರಳಿಟ್ಟು ತೋರಿಸಬೇಕಾದದ್ದು ಆ ಅಂಕಿಯನ್ನೇ.